ಆಟಗಾರರ ಆಯ್ಕೆಯೂ ಪರಿಣತರ ಭವಿಷ್ಯವಾಣಿಯೂ

ಮುಂದೆ ಆಗುವುದನ್ನು ಈಗಲೇ ಅರಿಯಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಗ್ರಹಣದ ಕಾಲವನ್ನು ಖಗೋಳಶಾಸ್ತ್ರಜ್ಞರು ಎಷ್ಟೋ ವರ್ಷ ಮುಂಚಿತವಾಗಿಯೇ ಗಣಿತಮಾಡಿ ಹೇಳಬಲ್ಲರು, ಅದು ತಪ್ಪುವುದಿಲ್ಲ. ನಾಳೆ ಮಳೆ ಬರುವುದೇ ಇಲ್ಲವೇ ಎಂಬುದನ್ನು ಹವಾಶಾಸ್ತ್ರಜ್ಞರು ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜವಾಗುತ್ತದೆ, ಆಗಾಗ ಸುಳ್ಳಾಗುತ್ತದೆ. ಆದರೆ ಇಪ್ಪತ್ತೊಂದು ವರ್ಷದ ಯುವಕನೊಬ್ಬನು ಇನ್ನೈದು ವರ್ಷಗಳಲ್ಲಿ ಎಂತಹ ಆಟಗಾರನಾಗುವನು? ಇದನ್ನೂ ಹೇಳಬಲ್ಲೆವು ಎನ್ನುವ ಪರಿಣತರಿದ್ದಾರೆ. ಅವರ ಮಾತನ್ನು ಕೇಳಲು ಕಾದಿರುವ ಲಕ್ಷಾಂತರ ಜನರೂ ಇದ್ದಾರೆ. ಅಂತಹ ಮಾತಿಗೆ ಎಷ್ಟು ಬೆಲೆ ಕೊಡಬೇಕು, ಆ ಬೆಲೆಯನ್ನು ಅಳೆಯುವ ಕೋಲು ಯಾವುದು ಎಂಬುದನ್ನು ಇಲ್ಲಿ ವಿಚಾರಮಾಡೋಣ. ಅಮೆರಿಕದ ವೃತ್ತಿನಿರತ ಫುಟ್‌ಬಾಲ್ ತಂಡಗಳು ಪ್ರತಿ ವರ್ಷವೂ ನಡೆಸುವ 'ಡ್ರಾಫ್ಟ್' ಎಂಬ ಆಯ್ಕೆ ಈ ವಿಚಾರಕ್ಕೆ ಒಂದು ಒಳ್ಳೆಯ ಪ್ರಯೋಗಶಾಲೆಯಾಗಿದೆ. ಏಕೆಂದರೆ ಅಲ್ಲಿ ನುಡಿದ ಭವಿಷ್ಯವೂ ಲಿಖಿತವಾಗಿರುತ್ತದೆ, ಅನಂತರ ಆದ ಫಲವೂ ಲಿಖಿತವಾಗಿರುತ್ತದೆ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಶಾಲೆಯ ಮೈದಾನಗಳಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಅವರ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಲೂಬಹುದು. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ. ಅವರಲ್ಲಿ ಚೆಂಡನ್ನು ಕೈಗೆ ತೆಗೆದುಕೊಂಡು, ಅದನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿಶ್ಚಯಿಸುವವನು ಕ್ವಾರ್ಟರ್‌ಬ್ಯಾಕ್. ಈ ಒಬ್ಬನ ಸಾಮರ್ಥ್ಯದ ಮೇಲೆ ಇಡೀ ತಂಡದ ಅದೃಷ್ಟ ನಿಂತಿರುತ್ತದೆಯಾದ್ದರಿಂದ ಭವಿಷ್ಯ ನುಡಿಯುವವರ ದೃಷ್ಟಿಯೆಲ್ಲ ಅವನ ಮೇಲೆಯೇ. ಓದುಗರು ಈ ಆಟದ ವಿಷಯವಾಗಿ ಇಷ್ಟನ್ನು ತಿಳಿದಿದ್ದರೆ ಸಾಕು.

ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ ಈಗ 32 ತಂಡಗಳಿವೆ. ಕಾಲೇಜುಗಳಲ್ಲಿ ಆಡಿ ಹೆಸರು ಪಡೆದ ಯುವಕರನ್ನು ಈ ತಂಡಗಳು ತಮತಮಗೆ ಹಂಚಿಕೊಳ್ಳಬೇಕು. ಹಣವುಳ್ಳ ತಂಡವೇ ಒಳ್ಳೆಯವರನ್ನೆಲ್ಲ ಕೊಂಡುಬಿಟ್ಟರೆ ಆಟ ಸಪ್ಪೆಯಾಗುವುದು. ಇದನ್ನು ತಪ್ಪಿಸಲು ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯನಾಗಿದ್ದ ಬರ್ಟ್ ಬೆಲ್ ಎಂಬಾತನು 1935ರಲ್ಲಿ ಒಂದು ಉಪಾಯವನ್ನು ಸೂಚಿಸಿದನು: ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡ ಮೊದಲು ಒಬ್ಬನನ್ನು ಆರಿಸಿಕೊಳ್ಳಲಿ, ಎಲ್ಲರಿಗಿಂತ ಹೆಚ್ಚು ಗೆದ್ದ ತಂಡ ಕೊನೆಗೆ ಆರಿಸಿಕೊಳ್ಳಲಿ, ಹೀಗೆ ಸುತ್ತಿನ ಮೇಲೆ ಸುತ್ತು ನಡೆಯಲಿ. (ಆಗ ಎಲ್ಲರಿಗಿಂತ ಹೆಚ್ಚು ಸೋಲುತ್ತಿದ್ದುದು ಅವನ ತಂಡವೇ ಎಂಬುದನ್ನೂ ಹೇಳಬೇಕು.) ಮೊದಲನೆಯ ಆಯ್ಕೆ 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ನಡೆಯಿತು. ಮೊಟ್ಟಮೊದಲು ಆಯ್ಕೆಯಾದವನು ಷಿಕಾಗೊ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್. ಆ ಕಾಲದ ಕಾಲೇಜು ಆಟಗಾರರಲ್ಲಿ ಅಗ್ರಗಣ್ಯನೆನಿಸಿದ್ದ ಈತನು ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಡ್ರಾಫ್ಟಿನ ಇತಿಹಾಸ ಆರಂಭವಾದುದೇ ಹೀಗೆ.

ನಮ್ಮವರಿಗೆ ಪರಿಚಿತವಾದುದು ಕ್ರಿಕೆಟ್ಟಿನ ಐ.ಪಿ.ಎಲ್. ಹರಾಜು, 2018ರಲ್ಲಿಯೂ 2022ರಲ್ಲಿಯೂ ಅದು ಬೆಂಗಳೂರಿನಲ್ಲಿಯೇ ನಡೆಯಿತು. ಹರಾಜಿನಲ್ಲಿ ಮಾತನಾಡುವುದು ಹಣ. ಡ್ರಾಫ್ಟಿನಲ್ಲಿ ಮಾತನಾಡುವುದು ಸರದಿ. ತನ್ನ ಸರದಿ ಬಂದಾಗ ಉಳಿದಿರುವವರಲ್ಲಿ ಯಾರನ್ನು ಬೇಕಾದರೂ ತಂಡ ಆರಿಸಿಕೊಳ್ಳಬಹುದು. ಸರದಿಯನ್ನು ಬೇರೊಂದು ತಂಡಕ್ಕೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಅದರ ಸರದಿಗಳನ್ನು ಪಡೆಯಲೂಬಹುದು. 1994ರಿಂದ ಈಚೆಗೆ ಏಳು ಸುತ್ತುಗಳ ಪದ್ಧತಿಯಿದೆ. 2025ರಲ್ಲಿ ಒಟ್ಟು 257 ಮಂದಿ ಆಯ್ಕೆಯಾದರು.

ಈ ಆಯ್ಕೆಗೆ ತಿಂಗಳುಗಟ್ಟಲೆ ಮುಂಚಿನಿಂದಲೇ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಪರಿಣತರು 'ಅಣಕು ಡ್ರಾಫ್ಟು'ಗಳನ್ನು ಪ್ರಕಟಿಸುತ್ತಾರೆ. ಮೊದಲನೆಯ ಸರದಿಯಲ್ಲಿ ಇಂಥವನು, ಎರಡನೆಯದರಲ್ಲಿ ಇಂಥವನು ಎಂದು 32 ಹೆಸರುಗಳ ಪಟ್ಟಿ. ಇದರೊಡನೆ ಇನ್ನೊಂದು ಪಟ್ಟಿಯೂ ಇರುತ್ತದೆ: ಯಾವ ತಂಡ ಆರಿಸಿಕೊಳ್ಳಲಿ ಬಿಡಲಿ, ಗುಣದಲ್ಲಿ ಯಾರು ಮೊದಲಿಗರು ಎಂಬುದು ಅದರ ವಿಷಯ. ಓದುವವರು ಈ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಆದರೆ ಇವು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. 'ತಂಡಗಳು ನಾಳೆ ಏನು ಮಾಡುವುವು?' ಎಂಬುದು ಮೊದಲನೆಯ ಪ್ರಶ್ನೆ. 'ಈ ಯುವಕನು ಮುಂದೆ ಏನಾಗುವನು?' ಎಂಬುದು ಎರಡನೆಯದು. ಒಂದಕ್ಕೆ ಸರಿಯಾದ ಉತ್ತರ ಕೊಟ್ಟವನು ಇನ್ನೊಂದರಲ್ಲಿ ಪೂರ್ತಿಯಾಗಿ ತಪ್ಪಬಹುದು. ಮದುವೆಯ ಮಾತುಕತೆಯಲ್ಲಿ ಹುಡುಗನ ಕಡೆಯವರು ಒಪ್ಪುವರೇ ಎಂದು ಊಹಿಸುವುದು ಬೇರೆ, ದಂಪತಿಗಳ ಸಂಸಾರ ಸುಖವಾಗಿರುವುದೇ ಎಂದು ಊಹಿಸುವುದು ಬೇರೆ.

ಮೊದಲನೆಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ. 2025ರ ಏಪ್ರಿಲ್ ತಿಂಗಳಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಎಂಬ ಊರಿನಲ್ಲಿ ಆ ವರ್ಷದ ಡ್ರಾಫ್ಟು ನಡೆಯಿತು. ಷೆಡೂರ್ ಸ್ಯಾಂಡರ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಮೊದಲನೆಯ ಸುತ್ತಿನಲ್ಲಿಯೇ ಆಯ್ಕೆಯಾಗುವನೆಂದು ಅನೇಕ ಅಣಕು ಡ್ರಾಫ್ಟುಗಳು ಹೇಳಿದ್ದುವು. ಕೆಲವು ತಿಂಗಳ ಹಿಂದೆ ಮೊದಲ ಮೂವರಲ್ಲಿ ಒಬ್ಬನಾಗುವನೆಂದು ಹೇಳಿದ್ದವೂ ಉಂಟು. ಆಯ್ಕೆ ಆರಂಭವಾಯಿತು. ಮೊದಲ ದಿನ ಕಳೆಯಿತು, ಎರಡನೆಯ ದಿನವೂ ಕಳೆಯಿತು. ಅವನ ಹೆಸರನ್ನು ಯಾರೂ ಕರೆಯಲಿಲ್ಲ. ಮೂರನೆಯ ದಿನ, ಐದನೆಯ ಸುತ್ತಿನಲ್ಲಿ, 144ನೆಯವನಾಗಿ ಕ್ಲೀವ್‌ಲೆಂಡ್ ಬ್ರೌನ್ಸ್ ತಂಡ ಅವನನ್ನು ಆರಿಸಿಕೊಂಡಿತು. ಅಷ್ಟರಲ್ಲಿ ಬೇರೆ ಐವರು ಕ್ವಾರ್ಟರ್‌ಬ್ಯಾಕುಗಳು ಆಯ್ಕೆಯಾಗಿದ್ದರು. ಅವರಲ್ಲೊಬ್ಬನನ್ನು ಅದೇ ಕ್ಲೀವ್‌ಲೆಂಡ್ ತಂಡ ಮೂರನೆಯ ಸುತ್ತಿನಲ್ಲಿ ತೆಗೆದುಕೊಂಡಿತ್ತು!

ಇಷ್ಟೊಂದು ಮಂದಿ ಒಟ್ಟಿಗೆ ತಪ್ಪಿದುದು ಹೇಗೆ? ಇದನ್ನು ತಿಳಿಯಲು ನಾವು ಒಂದು ಎತ್ತಿನ ಕಥೆಗೆ ಹೋಗಬೇಕು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಪಂದ್ಯ ನಡೆಯಿತು: ಕೊಬ್ಬಿದ ಎತ್ತೊಂದನ್ನು ನೋಡಿ, ಅದನ್ನು ಕಡಿದು ಶುದ್ಧಮಾಡಿದ ಮೇಲೆ ಎಷ್ಟು ತೂಗುವುದು ಎಂಬುದನ್ನು ಊಹಿಸಬೇಕು. ಆರು ಪೆನ್ಸ್ ತೆತ್ತವರು ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ಪಡೆದು, ಓದಲು ಬಂದ 787ನ್ನು ಕ್ರಮವಾಗಿ ಜೋಡಿಸಿ ನೋಡಿದನು. ನಟ್ಟನಡುವಿನ ಊಹೆ 1,207 ಪೌಂಡು. ನಿಜವಾದ ತೂಕ 1,198 ಪೌಂಡು. ಸರಾಸರಿಯನ್ನು ತೆಗೆದರೆ ಅದು 1,197, ಎಂದರೆ ಒಂದೇ ಪೌಂಡಿನ ವ್ಯತ್ಯಾಸ! ಒಬ್ಬೊಬ್ಬರೂ ತಪ್ಪಿದ್ದರು, ಆದರೆ ಕೆಲವರು ಹೆಚ್ಚಿನ ಕಡೆಗೆ, ಕೆಲವರು ಕಡಿಮೆಯ ಕಡೆಗೆ ತಪ್ಪಿದ್ದುದರಿಂದ ತಪ್ಪುಗಳು ಒಂದನ್ನೊಂದು ತಿಂದುಹಾಕಿದುವು.

ಹಾಗಾದರೆ ನೂರು ಮಂದಿ ಪರಿಣತರ ಸರಾಸರಿಯನ್ನು ತೆಗೆದರೆ ಡ್ರಾಫ್ಟಿನ ಭವಿಷ್ಯವೂ ಸರಿಯಾಗಬೇಕಲ್ಲವೆ? ಒಬ್ಬ ಪರಿಣತನಿಗಿಂತ ಹಲವರ ಸರಾಸರಿ ಮೇಲೆಂಬುದೇನೋ ನಿಜ. ಆದರೆ ಪ್ಲಿಮತ್ತಿನ ರೈತನೂ ಕಟುಕನೂ ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡದೆ ಬರೆದಿದ್ದರು. ಡ್ರಾಫ್ಟಿನ ಪರಿಣತರಾದರೋ ಪ್ರತಿದಿನವೂ ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಓದುತ್ತಾರೆ. ಒಬ್ಬನ ಊಹೆ ಇನ್ನೊಬ್ಬನಿಗೆ ಸುದ್ದಿಯಾಗುತ್ತದೆ, ಆ ಸುದ್ದಿ ಮೂರನೆಯವನಿಗೆ ಪ್ರಮಾಣವಾಗುತ್ತದೆ. ತಮ್ಮ ಮನಸ್ಸಿನಲ್ಲಿರುವುದನ್ನು ಎದುರಾಳಿಗಳಿಂದ ಮರೆಸುವುದಕ್ಕಾಗಿ ತಂಡಗಳೂ ಬೇಕೆಂದೇ ಸುಳ್ಳು ಸುದ್ದಿಗಳನ್ನು ತೇಲಿಬಿಡುತ್ತವೆ. ಆಗ ನೂರು ಪಟ್ಟಿಗಳು ಇದ್ದರೂ ಅವು ನೂರು ಸ್ವತಂತ್ರ ಊಹೆಗಳಲ್ಲ. ಐದಾರು ಊಹೆಗಳ ನೂರು ಪ್ರತಿಗಳು. ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿದರೆ ಸರಾಸರಿಯೂ ಆ ಕಡೆಗೇ ವಾಲುವುದು. ಎಲ್ಲರೂ ಒಂದೇ ಮಾತನ್ನು ಹೇಳುತ್ತಿದ್ದಾರೆ ಎಂಬುದು ಆ ಮಾತು ನಿಜವೆಂಬುದಕ್ಕೆ ಸಾಕ್ಷಿಯಾಗಬೇಕಾದರೆ, ಅವರು ಅದನ್ನು ಬೇರೆ ಬೇರೆ ದಾರಿಯಿಂದ ಕಂಡುಕೊಂಡಿರಬೇಕು.

ಸರದಿಗಳನ್ನು ಊಹಿಸುವುದು ಗಣಿತದ ದೃಷ್ಟಿಯಿಂದಲೂ ಕಷ್ಟವಾದುದೇ. ಮೊದಲ ಸುತ್ತಿನ 32 ಹೆಸರುಗಳನ್ನು ದೇವರೇ ಬಂದು ನಮಗೆ ತಿಳಿಸಿದನೆಂದು ಇಟ್ಟುಕೊಳ್ಳೋಣ. ಅವುಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 36 ಅಂಕಿಗಳುಳ್ಳದ್ದು. ಪರಿಣತನೊಬ್ಬನು ಪ್ರತಿಯೊಂದು ಸರದಿಯಲ್ಲಿಯೂ ನೂರಕ್ಕೆ 70ರಷ್ಟು ಸರಿಯಾಗಿ ಹೇಳಬಲ್ಲನೆಂದೂ, ಒಂದು ಸರದಿ ಇನ್ನೊಂದಕ್ಕೆ ಸಂಬಂಧಪಡದುದೆಂದೂ ಉದಾರವಾಗಿ ಒಪ್ಪಿದರೂ, ಮೊದಲ ಹತ್ತೂ ಸರಿಯಾಗುವ ಸಂಭವ 0.7ನ್ನು ಹತ್ತು ಸಲ ಗುಣಿಸಿದಷ್ಟು. ಅದು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಇನ್ನು ವಾಸ್ತವದಲ್ಲಿ ಸರದಿಗಳು ಸರಪಳಿಯಂತೆ ಒಂದಕ್ಕೊಂದು ಬಿಗಿದುಕೊಂಡಿವೆ. ನಾಲ್ಕನೆಯ ತಂಡ ತನ್ನ ಸರದಿಯನ್ನು ಮಾರಿಕೊಂಡರೆ ಐದರಿಂದ ಮುಂದಿನ ಲೆಕ್ಕವೆಲ್ಲ ಬುಡಮೇಲು.

ಇದಕ್ಕೆ ಎದುರಾಗಿ ಇನ್ನೊಂದು ವಿನೋದವನ್ನೂ ಗಮನಿಸಬೇಕು. ಆ 32 ಹೆಸರುಗಳನ್ನು ಒಂದು ಟೋಪಿಯಲ್ಲಿ ಹಾಕಿ, ಕಣ್ಣುಮುಚ್ಚಿ ಒಂದೊಂದಾಗಿ ಎತ್ತಿ, 1, 2, 3 ಎಂದು ಬರೆಯುತ್ತ ಹೋದರೆ ಎಷ್ಟು ಹೆಸರುಗಳು ಸರಿಯಾದ ಸ್ಥಾನದಲ್ಲಿ ಬೀಳುವುವು? ಸರಾಸರಿಯಲ್ಲಿ ಸರಿಯಾಗಿ ಒಂದು. ಒಂದೊಂದು ಹೆಸರಿಗೂ ತನ್ನ ಸ್ಥಾನ ಸಿಕ್ಕುವ ಸಂಭವ 32ರಲ್ಲಿ ಒಂದು. ಅಂತಹ ಹೆಸರುಗಳು 32. ಹೆಸರುಗಳು ಹತ್ತೇ ಇರಲಿ, ಸಾವಿರವೇ ಇರಲಿ, ಉತ್ತರ ಒಂದೇ. ಈ ಬಗೆಯ ಲೆಕ್ಕವನ್ನು ಫ್ರಾನ್ಸಿನ ಮೊಂಮೋರ್ ಎಂಬ ಗಣಿತಜ್ಞನು 1708ರಷ್ಟು ಹಿಂದೆಯೇ ವಿಚಾರಮಾಡಿದ್ದನು. ಆದುದರಿಂದ ಪರಿಣತನೊಬ್ಬನು 'ನನ್ನ ಪಟ್ಟಿಯಲ್ಲಿ ಆರು ಸರಿಯಾಯಿತು' ಎಂದಾಗ, ಆ ಆರನ್ನು ಸೊನ್ನೆಯೊಡನೆ ಹೋಲಿಸಬಾರದು, 32ರೊಡನೆಯೂ ಹೋಲಿಸಬಾರದು. ಎಲ್ಲರಿಗೂ ಮೊದಲೇ ತಿಳಿದಿದ್ದ ಒಂದೆರಡು ಸ್ಥಾನಗಳನ್ನು ಕಳೆದು, ಕುರುಡು ಕೈಗೆ ಸಿಕ್ಕುವುದನ್ನೂ ಕಳೆದು, ಮಿಕ್ಕುದನ್ನು ನೋಡಬೇಕು. ಮಿಕ್ಕುದೇ ಅವನ ಪರಿಣತಿ.

ಈ ಕಳೆಯುವ ಲೆಕ್ಕವನ್ನು ಮರೆತರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಹವಾಶಾಸ್ತ್ರದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. 1884ರಲ್ಲಿ ಜಾನ್ ಫಿನ್ಲೆ ಎಂಬ ಅಮೆರಿಕದ ಅಧಿಕಾರಿಯೊಬ್ಬನು ಸುಂಟರಗಾಳಿಗಳ ವಿಷಯವಾಗಿ ನುಡಿದ 2,803 ಮುನ್ಸೂಚನೆಗಳಲ್ಲಿ 2,708 ನಿಜವಾದುವೆಂದು, ಎಂದರೆ ನೂರಕ್ಕೆ 96.6ರಷ್ಟು, ಲೆಕ್ಕ ತೋರಿಸಿದನು. ಕೇಳಿದವರು ಬೆರಗಾದರು. ಆದರೆ ಆ 2,803 ಸಂದರ್ಭಗಳಲ್ಲಿ ಸುಂಟರಗಾಳಿ ನಿಜವಾಗಿ ಬೀಸಿದುದು 51 ಸಲ ಮಾತ್ರ. ಹಾಸಿಗೆಯಿಂದ ಏಳದೆ ಪ್ರತಿದಿನವೂ 'ಇಂದು ಸುಂಟರಗಾಳಿಯಿಲ್ಲ' ಎಂದು ಹೇಳುತ್ತಿದ್ದ ಸೋಮಾರಿಗೆ 2,752 ಸಲ ಜಯ ಸಿಕ್ಕುತ್ತಿತ್ತು; ಅದು ನೂರಕ್ಕೆ 98.2! ಫಿನ್ಲೆಯ ಕೆಲಸ ವ್ಯರ್ಥವೆಂದು ಇದರ ಅರ್ಥವಲ್ಲ. 51ರಲ್ಲಿ 28ನ್ನು ಅವನು ಮೊದಲೇ ಹೇಳಿದ್ದನು, ಸೋಮಾರಿ ಒಂದನ್ನೂ ಹೇಳುತ್ತಿರಲಿಲ್ಲ. ಅಳತೆಯ ಕೋಲು ಸರಿಯಾಗಿರಲಿಲ್ಲ, ಅಷ್ಟೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಇದೇ ಹೆಚ್ಚು ಆಳವಾದುದು. ಯುವಕನ ಗುಣವನ್ನು ಪರಿಣತರು ಎಷ್ಟರಮಟ್ಟಿಗೆ ಅರಿಯಬಲ್ಲರು? ಇಲ್ಲಿ ಪರಿಣತರೆಂದರೆ ಪತ್ರಿಕೆಗಳಲ್ಲಿ ಬರೆಯುವವರು ಮಾತ್ರವಲ್ಲ. ವರ್ಷವೆಲ್ಲ ಕಾಲೇಜು ಪಂದ್ಯಗಳನ್ನು ನೋಡಿ ವರದಿ ಬರೆಯಲು ತಂಡಗಳೇ ಸಂಬಳ ಕೊಟ್ಟು ಇಟ್ಟುಕೊಂಡಿರುವವರೂ ಸೇರುತ್ತಾರೆ. ಅವರ ತೀರ್ಮಾನದ ಮೇಲೆ ಕೋಟ್ಯಂತರ ಡಾಲರುಗಳು ನಿಂತಿವೆ.

1998ರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕುಗಳ ಹೆಸರು ಎಲ್ಲರ ಬಾಯಲ್ಲಿಯೂ ಇತ್ತು: ಪೇಟನ್ ಮ್ಯಾನಿಂಗ್, ರಯನ್ ಲೀಫ್. ಮೊದಲನೆಯವನಾಗಿ ಮ್ಯಾನಿಂಗನೂ ಎರಡನೆಯವನಾಗಿ ಲೀಫನೂ ಆಯ್ಕೆಯಾದರು. ಮ್ಯಾನಿಂಗ್ ಐದು ಸಲ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡನು. ಲೀಫನು ಒಟ್ಟು 25 ಪಂದ್ಯಗಳನ್ನಾಡಿ, 14 ಸಲ ಚೆಂಡನ್ನು ಗುರಿ ಮುಟ್ಟಿಸಿ, 36 ಸಲ ಎದುರಾಳಿಗಳ ಕೈಗೆ ಎಸೆದು, ಆಟದಿಂದಲೇ ಮರೆಯಾದನು. 2000ದಲ್ಲಿ ಆರು ಮಂದಿ ಕ್ವಾರ್ಟರ್‌ಬ್ಯಾಕುಗಳು ಆಯ್ಕೆಯಾದ ಮೇಲೆ, ಆರನೆಯ ಸುತ್ತಿನಲ್ಲಿ, 199ನೆಯವನಾಗಿ ಟಾಮ್ ಬ್ರೇಡಿ ಎಂಬುವನನ್ನು ಒಂದು ತಂಡ ತೆಗೆದುಕೊಂಡಿತು. ಅವನು ಏಳು ಸಲ ಸೂಪರ್ ಬೌಲ್ ಗೆದ್ದನು. ಕರ್ಟ್ ವಾರ್ನರನನ್ನು 1994ರಲ್ಲಿ ಯಾವ ತಂಡವೂ ಆರಿಸಲಿಲ್ಲ. ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡಿದ ಅವನು 1999ರಲ್ಲಿಯೂ 2001ರಲ್ಲಿಯೂ ಲೀಗಿನ ಅತ್ಯುತ್ತಮ ಆಟಗಾರನಾದನು. 2022ರಲ್ಲಿ ಕಟ್ಟಕಡೆಯವನಾಗಿ, 262ನೆಯ ಸ್ಥಾನದಲ್ಲಿ, ಆಯ್ಕೆಯಾದ ಬ್ರಾಕ್ ಪರ್ಡಿ 2024ರ ಫೆಬ್ರವರಿಯಲ್ಲಿ ಸೂಪರ್ ಬೌಲಿನಲ್ಲಿ ತನ್ನ ತಂಡವನ್ನು ನಡೆಸಿದನು.

ಇಂತಹ ಕಥೆಗಳು ಬಹು ಸ್ವಾರಸ್ಯವಾದುವು. ಆದರೆ ಇವುಗಳನ್ನು ಕೇಳಿ 'ಪರಿಣತರಿಗೆ ಏನೂ ತಿಳಿಯದು' ಎಂದು ತೀರ್ಮಾನಿಸುವುದು ಅವಸರದ ಮಾತು. ನಮಗೆ ಬ್ರೇಡಿಯ ಹೆಸರು ತಿಳಿದಿದೆ. ಪ್ರತಿ ವರ್ಷವೂ ಆರನೆಯ ಸುತ್ತಿನಲ್ಲಿ ಆಯ್ಕೆಯಾಗಿ, ಒಂದೆರಡು ವರ್ಷಗಳಲ್ಲಿ ಮನೆಗೆ ಹಿಂದಿರುಗಿದ ನೂರಾರು ಮಂದಿಯ ಹೆಸರು ತಿಳಿಯದು. ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮೊದಲ ಸುತ್ತಿನವರು ಸರಾಸರಿಯಲ್ಲಿ ಎರಡನೆಯ ಸುತ್ತಿನವರಿಗಿಂತಲೂ, ಎರಡನೆಯವರು ಏಳನೆಯವರಿಗಿಂತಲೂ ಮೇಲೆಂಬುದು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಅಂತರಗಳನ್ನು ಪರಿಣತರು ಗುರುತಿಸಬಲ್ಲರು. ಅವರು ಎಡವುವುದು ಸಣ್ಣ ಅಂತರಗಳಲ್ಲಿ. ದುರದೃಷ್ಟವಶಾತ್ ಹಣ ಹೆಚ್ಚಾಗಿ ಸುರಿಯುವುದು ಈ ಸಣ್ಣ ಅಂತರಗಳ ಮೇಲೆಯೇ.

ಇದನ್ನು ಅಂಕಿಗಳಲ್ಲಿ ತೋರಿಸಿಕೊಟ್ಟವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು. ಇವರಲ್ಲಿ ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರು. 2013ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ಒಂದು ಸರಳವಾದ ಪ್ರಶ್ನೆಯನ್ನು ಕೇಳಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ತೆಗೆದುಕೊಳ್ಳಿ: ಒಬ್ಬನು ಮೊದಲು ಆಯ್ಕೆಯಾದವನು, ಇನ್ನೊಬ್ಬನು ಅವನ ಬೆನ್ನಿಗೇ ಅದೇ ಸ್ಥಾನಕ್ಕೆ ಆಯ್ಕೆಯಾದವನು. ಮೊದಲನೆಯವನೇ ಮೇಲೆಂದು ಅನಂತರದ ಆಟದಿಂದ ಎಷ್ಟು ಸಲ ಸಿದ್ಧವಾಯಿತು? ನೂರಕ್ಕೆ ಸುಮಾರು 52 ಸಲ. ನಾಣ್ಯವನ್ನು ಚಿಮ್ಮಿದ್ದರೆ 50 ಆಗುತ್ತಿತ್ತು!

ಆದರೆ ಆ ಒಂದು ಮೆಟ್ಟಿಲನ್ನು ಏರಲು ತಂಡಗಳು ಕೊಡುವ ಬೆಲೆ ಎಷ್ಟು? 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದವರು ಸರದಿಗಳ ವಿನಿಮಯಕ್ಕೆಂದು ಒಂದು ಬೆಲೆಪಟ್ಟಿಯನ್ನು ಮಾಡಿಕೊಂಡರು. ಕಾಲಕ್ರಮದಲ್ಲಿ ಇತರ ತಂಡಗಳೂ ಅದನ್ನು ಬಳಸತೊಡಗಿದುವು. ಅದರ ಪ್ರಕಾರ ಮೊದಲನೆಯ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, ಹತ್ತನೆಯದಕ್ಕೆ 1,300. ಎಂದರೆ ಮೊದಲನೆಯವನು ಹತ್ತನೆಯವನಿಗಿಂತ ಎರಡರಷ್ಟಕ್ಕೂ ಹೆಚ್ಚು ಬೆಲೆಯುಳ್ಳವನೆಂದಾಯಿತು. ಆಟದ ಫಲಿತಾಂಶ ಇಷ್ಟು ಕಡಿದಾಗಿ ಇಳಿಯುವುದಿಲ್ಲವೆಂದು ಮ್ಯಾಸಿ ಮತ್ತು ಥೇಲರ್ ಕಂಡುಕೊಂಡರು. ಆಗಿನ ಸಂಬಳಗಳನ್ನು ಕಳೆದು ನೋಡಿದರೆ, ತಂಡಕ್ಕೆ ಅತ್ಯಧಿಕ ಲಾಭ ತರುತ್ತಿದ್ದುದು ಮೊದಲನೆಯ ಸರದಿಯಲ್ಲ, ಎರಡನೆಯ ಸುತ್ತಿನ ಸರದಿಗಳು. ಇದೂ ಕೇವಲ ಪುಸ್ತಕದ ಲೆಕ್ಕವಲ್ಲ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಒಂದು ಪಂದ್ಯವನ್ನೂ ಆಡುವ ಮುಂಚೆ 5 ಕೋಟಿ ಡಾಲರುಗಳ ಖಾತರಿಯನ್ನು ಪಡೆದನು. 2011ರಲ್ಲಿ ಸಂಬಳಗಳಿಗೆ ಮಿತಿ ಬಂದಿತು; ಆ ವರ್ಷದ ಮೊದಲಿಗನಾದ ಕ್ಯಾಮ್ ನ್ಯೂಟನ್ನನಿಗೆ ನಾಲ್ಕು ವರ್ಷಕ್ಕೆ ಒಟ್ಟು ಸಿಕ್ಕಿದುದು ಸುಮಾರು 2 ಕೋಟಿ 20 ಲಕ್ಷ.

2017ರ ಡ್ರಾಫ್ಟು ಈ ವಿಷಯಕ್ಕೆ ಕನ್ನಡಿ ಹಿಡಿದಂತಿದೆ. ಷಿಕಾಗೊ ಬೇರ್ಸ್ ತಂಡ ಮೂರನೆಯ ಸರದಿಯಲ್ಲಿತ್ತು. ಎರಡನೆಯ ಸರದಿಗೆ ಏರಲು, ಕೇವಲ ಒಂದು ಮೆಟ್ಟಿಲಿಗಾಗಿ, ಅದು ತನ್ನ ಮೂರನೆಯ ಸರದಿಯೊಡನೆ ಇನ್ನೂ ಮೂರು ಸರದಿಗಳನ್ನು ತೆತ್ತು ಮಿಚೆಲ್ ಟ್ರುಬಿಸ್ಕಿ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿತು. ಒಂಬತ್ತನೆಯವನಾಗಿ ಆಯ್ಕೆಯಾದವನು ಜಾನ್ ರಾಸ್. ಆ ವರ್ಷದ ಪರೀಕ್ಷೆಯಲ್ಲಿ ಅವನು 40 ಗಜವನ್ನು (ಸುಮಾರು ಮೂವತ್ತಾರೂವರೆ ಮೀಟರು) 4.22 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ್ದನು. ಹತ್ತನೆಯವನು ಪ್ಯಾಟ್ರಿಕ್ ಮಹೋಮ್ಸ್. ರಾಸನ ಹೆಸರು ಅವನ ಓಟದ ದಾಖಲೆಯಿಂದ ಮಾತ್ರ ಉಳಿಯಿತು. ಟ್ರುಬಿಸ್ಕಿಯನ್ನು ಅವನ ತಂಡ ನಾಲ್ಕು ವರ್ಷಗಳಲ್ಲಿ ಬಿಟ್ಟುಕೊಟ್ಟಿತು. ಮಹೋಮ್ಸ್ 2020, 2023 ಮತ್ತು 2024ರಲ್ಲಿ ಸೂಪರ್ ಬೌಲ್ ಗೆದ್ದ ತಂಡದ ನಾಯಕಮಣಿಯಾದನು.

ಪರಿಣತರು ಹೀಗೆ ಎಡವಲು ಕಾರಣವೇನು? ಬುದ್ಧಿಯ ಕೊರತೆಯೆಂದು ನಾವು ಹೇಳಲಾರೆವು. ಮೊದಲನೆಯದಾಗಿ, ಡ್ರಾಫ್ಟಿಗೆ ಬರುವವರೆಲ್ಲ ಜರಡಿಯಲ್ಲಿ ಸೋಸಿ ಉಳಿದವರು. ಸಾವಿರಾರು ಕಾಲೇಜು ಆಟಗಾರರಲ್ಲಿ ಇನ್ನೂರೈವತ್ತು ಮಂದಿ ಮಾತ್ರ ಉಳಿದಾಗ, ಅವರೆಲ್ಲರೂ ವೇಗವಾಗಿ ಓಡುವವರೇ, ಎಲ್ಲರೂ ಬಲಿಷ್ಠರೇ. ಪರೀಕ್ಷೆಯಲ್ಲಿ ನೂರಕ್ಕೆ 98 ಪಡೆದವನೂ 97 ಪಡೆದವನೂ ಒಂದೇ ಕಾಲೇಜಿಗೆ ಸೇರಿದರೆ, ಮುಂದೆ ಅವರಲ್ಲಿ ಯಾರು ಒಳ್ಳೆಯ ಎಂಜಿನಿಯರಾಗುವರೆಂಬುದನ್ನು ಆ ಒಂದು ಅಂಕದಿಂದ ಹೇಳಲಾದೀತೆ? ಅಂಕಕ್ಕೆ ಅರ್ಥವಿಲ್ಲವೆಂದಲ್ಲ, 98ಕ್ಕೂ 40ಕ್ಕೂ ಇರುವ ವ್ಯತ್ಯಾಸ ದೊಡ್ಡದು. ಆದರೆ 40 ಪಡೆದವನು ಆ ಕಾಲೇಜಿನ ಬಾಗಿಲಿನ ಒಳಗೇ ಬಂದಿಲ್ಲ.

ಇನ್ನೊಂದು ಕಾರಣ, ಅಳೆಯಲು ಸುಲಭವಾದುದನ್ನು ಅಳೆದು, ಬೇಕಾದುದನ್ನೇ ಅಳೆದೆವೆಂದು ತಿಳಿಯುವುದು. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯುತ್ತ ಬಂದಿರುವ ಪರೀಕ್ಷೆಯಲ್ಲಿ ಓಟ, ನೆಗೆತ, ಭಾರ ಎತ್ತುವುದು ಮೊದಲಾದುವನ್ನು ಅಳೆಯುತ್ತಾರೆ. ಹನ್ನೆರಡು ನಿಮಿಷಗಳಲ್ಲಿ 50 ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾದ ವಂಡರ್ಲಿಕ್ ಎಂಬ ಬುದ್ಧಿಪರೀಕ್ಷೆಯೂ ಅಲ್ಲಿ ಬಹುಕಾಲವಿತ್ತು. 2022ರಲ್ಲಿ ಅದನ್ನು ಕೈಬಿಟ್ಟರು. ಮೈಮೇಲೆ ಬೀಳಲು ಓಡಿಬರುತ್ತಿರುವ ನೂರಿಪ್ಪತ್ತು ಕಿಲೋ ತೂಕದ ಎದುರಾಳಿಯನ್ನು ಕಂಡೂ ಕಾಣದಂತೆ ನಿಂತು, ದೂರದ ಜೊತೆಗಾರನನ್ನು ಗುರುತಿಸುವ ಶಕ್ತಿಯನ್ನು ಯಾವ ಗಡಿಯಾರವೂ ಅಳೆಯದು. ಸಂದರ್ಶನದಲ್ಲಿ ಒಬ್ಬನನ್ನು ಕಂಡು 'ಇವನೇ ಸರಿ' ಎಂದು ಹುಟ್ಟುವ ದೃಢವಾದ ನಂಬಿಕೆಯೂ ಅಷ್ಟೆ. ಪಾಲ್ ಮೀಲ್ ಎಂಬ ಮನಶ್ಶಾಸ್ತ್ರಜ್ಞನು 1954ರಷ್ಟು ಹಿಂದೆಯೇ, ಮನುಷ್ಯರ ಮುಂದಿನ ನಡತೆಯನ್ನು ಊಹಿಸುವುದರಲ್ಲಿ ಅನುಭವಿಗಳ ಅಂತಃಪ್ರೇರಣೆಗಿಂತ ಸರಳವಾದ ಸಂಖ್ಯಾಸೂತ್ರಗಳು ಕಡಿಮೆಯಿಲ್ಲವೆಂದು, ಅನೇಕ ವೇಳೆ ಮೇಲೆಂದು, ತೋರಿಸಿದ್ದನು.

ಆಕಸ್ಮಿಕದ ಪಾಲನ್ನು ಎಲ್ಲಕ್ಕಿಂತ ಹೆಚ್ಚಾಗಿ ನಾವು ಮರೆಯುತ್ತೇವೆ. 2012ರಲ್ಲಿ ವಾಷಿಂಗ್‌ಟನ್ ತಂಡ ಆರನೆಯ ಸರದಿಯಿಂದ ಎರಡನೆಯದಕ್ಕೆ ಏರಲು ಮೊದಲ ಸುತ್ತಿನ ಮೂರು ಸರದಿಗಳನ್ನೂ ಎರಡನೆಯ ಸುತ್ತಿನ ಒಂದನ್ನೂ ತೆತ್ತು ರಾಬರ್ಟ್ ಗ್ರಿಫಿನ್ನನನ್ನು ಆರಿಸಿತು. ಮೊದಲ ವರ್ಷ ಅವನ ಆಟ ಅಮೋಘವಾಗಿತ್ತು. 2013ರ ಜನವರಿಯಲ್ಲಿ ಮೊಣಕಾಲು ಮುರಿದಂತಾಗಿ ಆ ಆಟ ಮತ್ತೆ ಹಿಂದಿರುಗಲಿಲ್ಲ. ಅದೇ ತಂಡ ಅದೇ ವರ್ಷ ನಾಲ್ಕನೆಯ ಸುತ್ತಿನಲ್ಲಿ, 102ನೆಯವನಾಗಿ, ಮೀಸಲಿಗೆಂದು ತೆಗೆದುಕೊಂಡಿದ್ದ ಕರ್ಕ್ ಕಸಿನ್ಸ್ 2015ರಲ್ಲಿ ಅವನ ಜಾಗಕ್ಕೆ ಬಂದನು. ಯಾವ ಪರಿಣತನು ಇದನ್ನು ಮೊದಲೇ ಹೇಳಬಲ್ಲವನಾಗಿದ್ದನು? ಜೊತೆಗೆ, ಮೊದಲ ಸುತ್ತಿನವನು ನಾಲ್ಕು ಸಲ ಸೋತರೂ ಅವನಿಗೆ ಐದನೆಯ ಅವಕಾಶ ಸಿಕ್ಕುತ್ತದೆ. ಅವನ ಮೇಲೆ ಹಾಕಿದ ಹಣ ಹಾಗೆ ಮಾಡಿಸುತ್ತದೆ. ಆರನೆಯ ಸುತ್ತಿನವನಿಗೆ ಒಂದು ಅವಕಾಶವೇ ದುರ್ಲಭ. ಆದಕಾರಣ ಆಡಿದ ಪಂದ್ಯಗಳ ಸಂಖ್ಯೆಯನ್ನೇ ಗುಣದ ಅಳತೆಯೆಂದು ತೆಗೆದುಕೊಂಡರೆ, ಪರಿಣತರ ಭವಿಷ್ಯ ತನ್ನನ್ನು ತಾನೇ ನಿಜಮಾಡಿಕೊಂಡಂತೆ ಆಗುತ್ತದೆ. ಮೇಲಿನ 52 ಎಂಬ ಅಂಕಿಯಲ್ಲಿಯೂ ಈ ಅನುಕೂಲ ಸ್ವಲ್ಪ ಸೇರಿಕೊಂಡಿರಬೇಕೆಂದು ನಮಗೆ ತೋರುತ್ತದೆ.

ಹಾಗಿದ್ದರೂ ಕೆಲವು ತಂಡಗಳು ವರ್ಷವರ್ಷವೂ ಒಳ್ಳೆಯವರನ್ನೇ ಆರಿಸುತ್ತವೆಯಲ್ಲ ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ನೋಡಿ. 32 ತಂಡಗಳ ಒಡೆಯರು ಐದು ವರ್ಷ, ವರ್ಷಕ್ಕೊಂದು ಸಲ, ನಾಣ್ಯ ಚಿಮ್ಮಲಿ. ಐದು ಸಲವೂ ರಾಜನ ಮುಖ ಬೀಳುವ ಸಂಭವ 32ರಲ್ಲಿ ಒಂದು. ಆದುದರಿಂದ ಅವರಲ್ಲಿ ಒಬ್ಬನಿಗಾದರೂ ಐದಕ್ಕೆ ಐದು ಬಿದ್ದರೆ ಆಶ್ಚರ್ಯವಿಲ್ಲ. ಆ ಒಬ್ಬನ ಭಾವಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬರುವುದು. ಅವನ ನಾಣ್ಯ ಹಿಡಿಯುವ ಶೈಲಿಯ ಮೇಲೆ ಪುಸ್ತಕವೂ ಬಂದೀತು.

ಭವಿಷ್ಯವನ್ನು ನ್ಯಾಯವಾಗಿ ಅಳೆಯುವ ಕೋಲನ್ನು ಕೊಟ್ಟವರು ಹವಾಶಾಸ್ತ್ರಜ್ಞರೇ. 1950ರಲ್ಲಿ ಗ್ಲೆನ್ ಬ್ರಯರ್ ಎಂಬಾತನು ಒಂದು ವಿಧಾನವನ್ನು ಪ್ರಕಟಿಸಿದನು. ಭವಿಷ್ಯ ನುಡಿಯುವವನು 'ಆದೀತು, ಆಗಲಿಕ್ಕಿಲ್ಲ' ಎನ್ನದೆ ಸಂಭವವನ್ನು ಸಂಖ್ಯೆಯಲ್ಲಿ ಹೇಳಬೇಕು. ಸಂಗತಿ ನಡೆದರೆ 1, ನಡೆಯದಿದ್ದರೆ 0. ಇವೆರಡರ ವ್ಯತ್ಯಾಸದ ವರ್ಗವೇ ಅವನ ತಪ್ಪಿನ ಅಂಕ. ಅದು ಕಡಿಮೆಯಾದಷ್ಟೂ ಒಳ್ಳೆಯದು. ಇಬ್ಬರು ಪರಿಣತರು ಹತ್ತು ಯುವಕರ ವಿಷಯವಾಗಿ ಭವಿಷ್ಯ ನುಡಿದರೆನ್ನೋಣ. ಮೊದಲನೆಯವನು ಪ್ರತಿಯೊಬ್ಬನನ್ನು ಕುರಿತೂ 'ಗೆದ್ದೇ ಗೆಲ್ಲುವನು, ನೂರಕ್ಕೆ 90' ಎನ್ನುತ್ತಾನೆ. ಎರಡನೆಯವನು 'ನೂರಕ್ಕೆ 60' ಎನ್ನುತ್ತಾನೆ. ಆರು ಮಂದಿ ಗೆದ್ದರು. ಮೊದಲನೆಯವನ ಲೆಕ್ಕ: ಗೆದ್ದ ಆರಕ್ಕೆ 0.01ರಂತೆ 0.06, ಸೋತ ನಾಲ್ಕಕ್ಕೆ 0.81ರಂತೆ 3.24, ಒಟ್ಟು 3.30, ಸರಾಸರಿ 0.33. ಎರಡನೆಯವನದು: ಆರಕ್ಕೆ 0.16ರಂತೆ 0.96, ನಾಲ್ಕಕ್ಕೆ 0.36ರಂತೆ 1.44, ಸರಾಸರಿ 0.24. ಯಾರನ್ನೂ ನೋಡದೆ ಎಲ್ಲಕ್ಕೂ 'ಐವತ್ತು' ಎಂದು ಹೇಳಿದವನಿಗೆ 0.25 ಬರುತ್ತದೆ. ಧೈರ್ಯವಾಗಿ ಮಾತನಾಡಿದ ಮೊದಲನೆಯವನು ಏನೂ ತಿಳಿಯದವನಿಗಿಂತಲೂ ಕೀಳಾದನು! ಆದರೆ ದೂರದರ್ಶನದವರು ಮತ್ತೆ ಮಾತಿಗೆ ಕರೆಯುವುದು ಯಾರನ್ನು ಎಂಬುದನ್ನು ಓದುಗರೇ ಊಹಿಸಬಹುದು. ಫಿಲಿಪ್ ಟೆಟ್ಲಾಕ್ ಎಂಬ ವಿದ್ವಾಂಸರು ರಾಜಕೀಯ ಪರಿಣತರಾದ 284 ಮಂದಿಯಿಂದ ಸುಮಾರು 28,000 ಭವಿಷ್ಯಗಳನ್ನು ಸಂಗ್ರಹಿಸಿ, ಹಲವು ವರ್ಷ ಕಾದು, 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆಚ್ಚು ಪ್ರಸಿದ್ಧರಾದವರ ಭವಿಷ್ಯ ಹೆಚ್ಚು ತಪ್ಪುವ ಕಡೆಗೆ ವಾಲಿತ್ತು.

ಹವಾಶಾಸ್ತ್ರಜ್ಞನಿಗೆ ತನ್ನ ತಪ್ಪು ಮರುದಿನವೇ ತಿಳಿಯುತ್ತದೆ. ವರ್ಷಕ್ಕೆ ಮುನ್ನೂರು ಸಲ ತಿದ್ದಿಕೊಳ್ಳಬಲ್ಲನು. ಡ್ರಾಫ್ಟಿನ ಪರಿಣತನಿಗೆ ತನ್ನ ಮಾತಿನ ಫಲ ತಿಳಿಯಲು ಮೂರು ನಾಲ್ಕು ವರ್ಷ ಬೇಕು; ಅಷ್ಟರಲ್ಲಿ ಅವನು ಇನ್ನೂ ಮೂರು ಡ್ರಾಫ್ಟುಗಳ ಭವಿಷ್ಯವನ್ನು ನುಡಿದು ಮುಗಿಸಿರುತ್ತಾನೆ, ಹಳೆಯ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ.

ಇದರಲ್ಲಿ ನಿಜವಾದ ನಷ್ಟಕ್ಕೆ ಗುರಿಯಾಗುವವರು ನಮ್ಮ ಓದುಗರ ವಯಸ್ಸಿನವರೇ. ಪ್ರೌಢಶಾಲೆ ಬಿಟ್ಟು ಮೂರು ವರ್ಷ ತುಂಬಿದ ವಿದ್ಯಾರ್ಥಿ ಕಾಲೇಜಿನ ಆಟದ ಅವಧಿ ಮುಗಿಯುವ ಮುಂಚೆಯೇ ಡ್ರಾಫ್ಟಿಗೆ ಹೆಸರು ಕೊಡಬಹುದು. ಕೊಟ್ಟು, ನಿಗದಿಯಾದ ದಿನದೊಳಗೆ ಹಿಂದಕ್ಕೆ ತೆಗೆದುಕೊಳ್ಳದಿದ್ದರೆ, ಕಾಲೇಜಿನ ಪರವಾಗಿ ಆಡುವ ಹಕ್ಕು ಹೋಗುವುದು. ಪಟ್ಟಿಗಳಲ್ಲಿ ತನ್ನ ಹೆಸರು ಎರಡನೆಯ ಸುತ್ತಿನಲ್ಲಿದೆಯೆಂದು ಓದಿ ಹೊರಟುಬಂದು, ಏಳು ಸುತ್ತು ಮುಗಿದರೂ ಯಾರೂ ಕರೆಯದೆ ಉಳಿದುಹೋದವರು ಪ್ರತಿ ವರ್ಷವೂ ಇದ್ದಾರೆ. ಇವರಿಗೆ ಸಲಹೆ ಕೊಡಲು ಲೀಗಿನವರೇ ಒಂದು ಸಮಿತಿಯನ್ನು ಇಟ್ಟಿದ್ದಾರೆ. ತಂಡಗಳ ಪರಿಣತರೇ ಅದರಲ್ಲಿ ಅಭಿಪ್ರಾಯ ಹೇಳುವವರು. ಆ ಸಮಿತಿ 'ನೀನು 14ನೆಯವನು, ನೀನು 37ನೆಯವನು' ಎಂದು ಹೇಳುವುದಿಲ್ಲ. ಅದು ಕೊಡುವ ಉತ್ತರಗಳು ಮೂರೇ: ಮೊದಲನೆಯ ಸುತ್ತಿಗೆ ಯೋಗ್ಯ, ಎರಡನೆಯ ಸುತ್ತಿಗೆ ಯೋಗ್ಯ, ಇವೆರಡೂ ಅಲ್ಲವಾದರೆ ಕಾಲೇಜಿಗೆ ಹಿಂದಿರುಗು. 2021ರಿಂದ ಕಾಲೇಜಿನಲ್ಲಿದ್ದುಕೊಂಡೇ ತಮ್ಮ ಹೆಸರಿನ ಮೇಲೆ ಹಣ ಸಂಪಾದಿಸಲು ಆಟಗಾರರಿಗೆ ಅನುಮತಿ ದೊರೆತಿದೆ. ಮೂರನೆಯ ಉತ್ತರವನ್ನು ಪಡೆದವನಿಗೆ ಹಿಂದಿರುಗುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಅವಧಿಗೆ ಮುಂಚೆಯೇ ಹೆಸರು ಕೊಡುವವರ ಸಂಖ್ಯೆಯೂ ಈಚಿನ ವರ್ಷಗಳಲ್ಲಿ ಬಹಳ ಇಳಿದಿದೆ.